ಮಾವನ ಗೋಡು, ನನ್ನ ಕ್ಯಾಡ್ಮಿಯಂ ಲೆಕ್ಕ

ಏಪ್ರಿಲ್ ಕೊನೇ ವಾರ, ಭಾನುವಾರ ಬೆಳಗ್ಗೆ ಏಳಕ್ಕೇ ಸೋದರಮಾವನ ಫೋನು. ನಮ್ಮಾವ ಅಷ್ಟೊತ್ತಿಗೆ ಫೋನ್ ಮಾಡಿದ್ರು ಅಂದ್ರೆ ಒಂದಾ ಯಾರೋ ತೀರ್ಕೊಂಡಿರ್ಬೇಕು, ಇಲ್ಲಾ ಬೋರ್ವೆಲ್ ಮೋಟ್ರು ಸುಟ್ಟೋಗಿರ್ಬೇಕು. ಎರಡೂ ಆಗಿರ್ಲಿಲ್ಲ. "ಎದ್ದಿದ್ದೀಯೇನವ್ವಾ? ನಮ್ ಕೆರೆ ಹೂಳೆತ್ತಿಸ್ತಾವ್ರೆ ಕಣವ್ವ. ಗೋಡು ಬಿಟ್ಟಿ, ಟ್ರ್ಯಾಕ್ಟ್ರು ಬಾಡ್ಗೆ ಕೊಟ್ರೆ ಸಾಕು. ಹೊಲಕ್ಕೆ ಹೊಡಿಸ್ಬುಡ್ಲಾ? ನೀನು ಅದೇನೋ ಮಣ್ಣು ನೀರು ಟೆಸ್ಟ್ ಮಾಡೋಳಲ್ವಾ, ಅದ್ಕೇ ಒಂದ್ ಮಾತು ಕೇಳಾನ ಅಂತ."

ನಾನು ಎನ್ವಿರಾನ್ಮೆಂಟಲ್ ಸೈನ್ಸ್ ಎಂಎಸ್ಸಿ ಮಾಡಿ ಎಂಟು ವರ್ಷದಿಂದ ಒಂದು ಲ್ಯಾಬಲ್ಲಿ ಕೆಲ್ಸ ಮಾಡ್ತಿದ್ದೀನಿ, ಇಷ್ಟು ವರ್ಷದಲ್ಲಿ ನಮ್ಮ ಮನೇಲಿ ಯಾರಾದ್ರೂ ನನ್ನ ಓದಿಗೆ ಸಂಬಂಧಪಟ್ಟ ಪ್ರಶ್ನೆ ಕೇಳಿದ್ದು ಇದೇ ಮೊದಲು. ಖುಷಿ ಪಡೋ ಬದ್ಲು ಹೊಟ್ಟೆ ಒಳಗೆ ಒಂಥರಾ ಆಯ್ತು. ಯಾಕಂದ್ರೆ ಮಾವನ ಊರಿರೋದು ಬಿಡದಿ ದಾಟಿ ಬೈರಮಂಗಲದ ಕಡೆ, ಆ ಸಣ್ಣ ಕೆರೆಗೆ ಬರೋದು ಬೈರಮಂಗಲದ ದೊಡ್ಡ ಕೆರೆ ನಾಲೆಯ ಬಸಿ ನೀರು, ಅಂದ್ರೆ ಸುತ್ತಿ ಬಳಸಿ ಬೆಂಗಳೂರಿನ ನೀರೇ. ಈಗ ಆ ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಅಂತ ಆಗಿದೆ, ಮಾವನ ಬಾಯಲ್ಲಿ ಇನ್ನೂ ರಾಮ್ನಗ್ರನೇ.

ಗೋಡು ಅಂದ್ರೆ ಗೊತ್ತಿಲ್ದೋರಿಗೆ ಹೇಳ್ತೀನಿ. ಬೇಸಿಗೇಲಿ ಕೆರೆ ಬತ್ತಿದಾಗ ತಳದಲ್ಲಿ ಕೂತಿರೋ ನುಣ್ಣನೆ ಮಣ್ಣು. ನಮ್ಮ ಕಡೆ ಹೊಲ ಎಲ್ಲಾ ಕೆಂಪು ಮರಳು ಮಣ್ಣು, ಸುರಿದ ನೀರು ನಿಲ್ಲಲ್ಲ, ಹಾಕಿದ ಗೊಬ್ಬರ ನಿಲ್ಲಲ್ಲ. ಅದಕ್ಕೆ ಯುಗಾದಿ ಕಳೆದ ಮೇಲೆ ಊರೋರೆಲ್ಲ ಗಾಡಿ ಕಟ್ಕೊಂಡು ಕೆರೆಗಿಳಿದು ಗೋಡು ಹೊಡೀತಿದ್ರು. ಕೆರೆ ಆಳ ಆಗೋದು, ಹೊಲ ತಂಪಾಗೋದು, ಎರಡೂ ಒಂದೇ ಕೆಲ್ಸದಲ್ಲಿ. ನಮ್ಮಜ್ಜಿ ಹೇಳೋರು, ಗೋಡು ಹೊಡ್ದ ವರ್ಷ ರಾಗಿ ತೆನೆ ನೋಡಿದ್ರೇನೇ ಗೊತ್ತಾಗ್ತಿತ್ತಂತೆ. ನನಗೆ ಈ ಪದ್ಧತಿ ಮೇಲೆ ಬಹಳ ಗೌರವ ಇದೆ, ಇವತ್ತಿಗೂ ಇದೆ, ಮಳೆ ನೀರು ಮಾತ್ರ ಬರೋ ಕೆರೆಗಳಿಗೆ ಇದಕ್ಕಿಂತ ಒಳ್ಳೇ ಉಪಾಯ ಯಾವ ಯೂನಿವರ್ಸಿಟಿನೂ ಕಂಡು ಹಿಡಿದಿಲ್ಲ. ನನ್ನ ತಕರಾರೇನಿದ್ರೂ ಕೆರೆ ಒಳಗೆ ಬಂದು ಬೀಳೋದು ಬದಲಾಗಿರೋದ್ರ ಬಗ್ಗೆ.

ಆ ದೊಡ್ಡ ಕೆರೆಗೆ ಬೀಳೋ ವೃಷಭಾವತಿ ಹೊಳೆ ವಿಷಯ ಬೆಂಗಳೂರಿನೋರಿಗೆ ಹೊಸದಾಗಿ ಹೇಳೋದೇನಿಲ್ಲ. ಬಸವನಗುಡಿ ದೊಡ್ಡ ಬಸವಣ್ಣನ ಪಾದದಡಿ ಹುಟ್ತಾಳೆ ಅಂತ ನಂಬಿಕೆ, ಹೆಸರು ಬಂದಿದ್ದೂ ಅದಕ್ಕೇ, ಆದ್ರೆ ಕಡ್ಲೆಕಾಯಿ ಪರಿಷೆಗೆ ಹೋದ ಲಕ್ಷಾಂತರ ಜನರಲ್ಲಿ ಹೊಳೆ ಎಲ್ಲಪ್ಪಾ ಅಂತ ಕೇಳಿದೋರನ್ನ ನಾನಂತೂ ನೋಡಿಲ್ಲ. ಅಲ್ಲಿಂದ ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಕೆಂಗೇರಿ, ಕುಂಬಳಗೋಡು ಅಂತ ಮೈಸೂರು ರೋಡಿನ ಪಕ್ಕದಲ್ಲೇ ಹರಿದು ಬೈರಮಂಗಲ ಕೆರೆಗೆ ಬೀಳತ್ತೆ, ಆಮೇಲೆ ಕನಕಪುರದ ಕಡೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಪರ್ಪಲ್ ಲೈನ್ ಮೆಟ್ರೋಲಿ ಕೆಂಗೇರಿಗೆ ಹೋಗೋವಾಗ ಬಾಗಿಲು ತೆರೆದ್ರೆ ವಾಸನೆನೂ ಟಿಕೆಟ್ ಇಲ್ದೆ ಹತ್ಕೊಳ್ಳತ್ತೆ. ಬೈರಮಂಗಲದಲ್ಲಿ ನೊರೆ ಏಳತ್ತೆ, ಆ ನೊರೆ ಟೀವಿಲಿ ಬರತ್ತೆ, ಎಲ್ಲರೂ ಅಯ್ಯೋ ಅಂತಾರೆ. ನೊರೆ ಸೋಪಿಂದು, ಗಾಳಿಗೆ ಹಾರಿಹೋಗತ್ತೆ. ನನಗೆ ಚಿಂತೆ ಇರೋದು ಕೆಳಗೆ ಕೂತ್ಕೊಂಡು ಹೋಗೋದೇ ಇಲ್ಲ ಅನ್ನೋದ್ರ ಮೇಲೆ.

ಏನೇನು ಬರತ್ತೆ ಅಂದ್ರೆ, ಪೀಣ್ಯ ಕಡೆ ಎಲೆಕ್ಟ್ರೋಪ್ಲೇಟಿಂಗ್ ಮಾಡೋ ಘಟಕಗಳಿಂದ ಕ್ರೋಮಿಯಂ, ನಿಕ್ಕೆಲ್, ಸತು, ಅಲ್ಲಿಯ ಒಂದಷ್ಟು ರಾಜಕಾಲುವೆ ಈ ಕಣಿವೆಗೇ ಇಳಿಯತ್ತೆ. ಹಳೇ ಬ್ಯಾಟ್ರಿ ಒಡೆಯೋ ಕಡೆಯಿಂದ ಸೀಸ. ಚಿನ್ನ ಬೆಳ್ಳಿ ಕೆಲಸದೋರು ಆಸಿಡ್ಡಲ್ಲಿ ತೊಳೆದು ಮೋರಿಗೆ ಬಿಟ್ಟ ತಾಮ್ರ. ಕಾರ್ಖಾನೆ ಬೈದ್ರೆ ಮುಗೀತು ಅನ್ಕೋಬೇಡಿ, ರಸ್ತೇನೂ ಸೇರಿಸ್ಕೊಳ್ಳಿ, ಬ್ರೇಕ್ ಪ್ಯಾಡ್ ಸವೆದಾಗ ತಾಮ್ರ ಉದುರತ್ತೆ, ಟೈರು ಸವೆದಾಗ ಸತು ಉದುರತ್ತೆ, ಮೊದಲ ಮಳೆಗೆ ಅದೆಲ್ಲ ಮೋರಿಗೆ. ಸೀಸ ಹಾಕಿದ ಪೆಟ್ರೋಲ್ ನಮ್ಮ ದೇಶದಲ್ಲಿ ನಿಂತಿದ್ದು 2000ದಲ್ಲಿ, ಅಷ್ಟು ವರ್ಷ ಸೈಲೆನ್ಸರ್‌ನಿಂದ ಉದುರಿದ ಸೀಸ ಎಲ್ಲಿಗೂ ಆವಿಯಾಗಿ ಹೋಗಿಲ್ಲ, ರಸ್ತೆ ಪಕ್ಕದ ಮಣ್ಣಲ್ಲೇ ಇದೆ, ಸ್ವಲ್ಪ ಸ್ವಲ್ಪವಾಗಿ ಈಗ್ಲೂ ಇಳೀತಿದೆ. ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಇದ್ಯಲ್ಲ ಅಂತೀರಾ? ಅಲ್ಲಿ ಬ್ಯಾಕ್ಟೀರಿಯಾ ಕೊಳೆ ತಿಂದು ಗಾಳಿ ಮಾಡಿ ಕಳಿಸ್ತಾವೆ. ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ತಿಂದು ಏನ್ ಮಾಡ್ಬೇಕು ಹೇಳಿ, ಅದು ಮೂಲವಸ್ತು, ಅದನ್ನ ಮುರಿದು ಇನ್ನೊಂದು ಮಾಡೋಕಾಗಲ್ಲ. ಅರ್ಧ ಕೆಸರಿಗೆ ಅಂಟ್ಕೊಂಡು ಸ್ಲಡ್ಜ್ ಜೊತೆ ಹೋಗತ್ತೆ, ಮಿಕ್ಕಿದ್ದು ಹೊಳೆಗೆ.

ಹೊಳೆಗೆ ಬಿದ್ದಿದ್ದು ನೀರಲ್ಲೇ ಕರಗಿ ತೇಲ್ತಾ ಇರತ್ತೆ ಅನ್ಕೊಂಡ್ರೆ ಅದೂ ತಪ್ಪು. ಜೇಡಿಮಣ್ಣಿನ ಕಣದ ಮೇಲೆ ಋಣ ವಿದ್ಯುದಂಶ, ಲೋಹದ ಅಯಾನಿಗೆ ಧನ. ಜೊತೆಗೆ ಕೊಳೆತ ಎಲೆ ಕಸದ ಪುಡಿ, ಕಬ್ಬಿಣ ಮ್ಯಾಂಗನೀಸಿನ ತುಕ್ಕಿನ ಪದರ, ಇವೆಲ್ಲ ಲೋಹ ಕಂಡ್ರೆ ಬಿಡಲ್ಲ. ಕಣ ಎಷ್ಟು ಸಣ್ಣದಾಗಿದ್ರೆ ಅಷ್ಟು ಹೆಚ್ಚು ಹಿಡ್ಕೊಳ್ಳತ್ತೆ. ನೀರು ಓಡೋ ಕಡೆ ಸಣ್ಣ ಕಣ ನಿಲ್ಲಲ್ಲ, ಕೆರೇಲಿ ನಿಧಾನ ಆದ ಕೂಡ್ಲೇ ತಳಕ್ಕೆ ಕೂರತ್ತೆ. ಯೋಚನೆ ಮಾಡಿ, ನೀರು ಹಿಡಿಯೋ, ಗೊಬ್ಬರ ಹಿಡಿಯೋ ಆ ನುಣ್ಣನೆ ಗುಣಕ್ಕೇ ಅಲ್ವಾ ನಮ್ಮಜ್ಜ ಗೋಡು ಹೊಡೀತಿದ್ದಿದ್ದು, ಸೀಸ ಹಿಡ್ಕೊಳ್ಳೋದೂ ಅದೇ ಗುಣ.

ಇನ್ನೊಂದು ಮಜಾ ಅಂದ್ರೆ ನೀರಿನ ಸ್ಯಾಂಪಲ್ ಸುಳ್ಳು ಹೇಳ್ಬಹುದು. ಬೆಳಗ್ಗೆ ಹತ್ತಕ್ಕೆ ಬಾಟ್ಲಿ ತುಂಬಿಸ್ಕೊಂಡು ಬಂದ್ರೆ ಹತ್ತು ಗಂಟೆ ನೀರಿನ ಕಥೆ ಮಾತ್ರ ಸಿಗತ್ತೆ. ಬೆಂಗಳೂರಿನ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯೋರು ವೃಷಭಾವತೀಲಿ ರಾತ್ರಿ ಹೊತ್ತೂ ನೀರು ತೆಗೆದು ನೋಡಿದಾಗ ಲೋಹದ ಪ್ರಮಾಣ ರಾತ್ರಿ ಏರೋದು ಕಂಡುಬಂದಿತ್ತು. ಯಾಕೆ ರಾತ್ರಿ ಅಂತ ನಾನು ಬಿಡಿಸಿ ಹೇಳ್ಬೇಕಾ. ಇನ್ಸ್‌ಪೆಕ್ಷನ್ ಹಗಲು ಹೊತ್ತಲ್ಲಿ ಬರತ್ತೆ. ಹೂಳಿಗೆ ಮಾತ್ರ ಹಗಲು ರಾತ್ರಿ ಎರಡೂ ಒಂದೇ, ರಾತ್ರಿ ಎರಡು ಗಂಟೆಗೆ ಬಿಟ್ಟಿದ್ದನ್ನೂ ಬರೆದಿಟ್ಕೊಂಡಿರತ್ತೆ, ಕೆಳಗಿನ ಪದರದಲ್ಲಿ ಹೋದ ವರ್ಷದ್ದು, ಅದರ ಕೆಳಗೆ ಅದಕ್ಕೂ ಹಿಂದಿನದ್ದು. ನಮ್ಮೂರ ಶಾನುಭೋಗರ ಕಡತದ ಥರ.

ಸರಿ, ಮಾವನಿಗೆ "ಒಂದ್ ಎರಡು ವಾರ ತಡೀರಿ ಮಾವ, ನಾನೇ ಬಂದು ಮಣ್ಣು ತಗೊಂಡೋಗ್ತೀನಿ" ಅಂದೆ. ಮುಂದಿನ ಭಾನುವಾರ ಹೋದೆ. ಕೆರೆ ಮುಕ್ಕಾಲು ಬತ್ತಿತ್ತು, ಒಂದು ಮೂಲೇಲಿ ಜೇಸೀಬಿ ನಿಂತಿತ್ತು, ನಡುವೆ ಇನ್ನೂ ಮೊಣಕಾಲುದ್ದ ನೀರು. ಮೇಲ್ಗಡೆ ಒಣಗಿ ಬಿರುಕು ಬಿಟ್ಟ ಕಡೆ ಮಣ್ಣು ಬೂದು ಕಂದು, ಚೂರು ಕೆದಕಿದ್ರೆ ಎರಡು ಬೆರಳು ಕೆಳಗೆ ಕಾಡಿಗೆ ಕಪ್ಪು. ಪ್ಲಾಸ್ಟಿಕ್ ಚಮಚದಲ್ಲಿ ತೋಡಿದ ಕೂಡ್ಲೇ ಕೊಳೆತ ಮೊಟ್ಟೆ ವಾಸನೆ ಮೂಗಿಗೆ ಹೊಡೀತು. ಆ ಕಪ್ಪು, ಆ ವಾಸನೆ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಕೆರೆಯ ಐದು ಕಡೆಯಿಂದ ತೆಗೆದೆ, ಮೇಲಿನ ಐದು ಸೆಂಟಿಮೀಟರ್ ಬೇರೆ, ಒಂದಡಿ ಕೆಳಗಿಂದು ಬೇರೆ, ಕೆರೆಗಿಂತ ಎತ್ತರದಲ್ಲಿರೋ, ನಾಲೆ ನೀರು ಎಂದೂ ಹತ್ತದ ಒಂದು ಹೊಲದ ಮಣ್ಣೂ ಒಂದು ಕವರು. ಕೊನೇದು ಯಾಕೆ ಅಂತ ಆಮೇಲೆ ಹೇಳ್ತೀನಿ. ಮಾವ ಏರಿ ಮೇಲೆ ನಿಂತು "ಒಂದ್ ಚಮ್ಚ ಮಣ್ಣಿಗೆ ಬೆಂಗ್ಳೂರಿಂದ ಪೆಟ್ರೋಲ್ ಹಾಕ್ಕೊಂಡ್ ಬಂದವ್ಳೆ" ಅಂತ ಪಕ್ಕದ ಹೊಲದೋರಿಗೆ ಹೇಳ್ತಿದ್ರು, ನನಗೆ ಕೇಳಿಸ್ಲಿ ಅಂತಾನೇ ಜೋರಾಗಿ.

ಪ್ಲಾಸ್ಟಿಕ್ ಚಮಚ ಅಂದ್ನಲ್ಲ, ಅದರ ಹಿಂದೆ ಒಂದು ಅವಮಾನದ ಕಥೆ ಇದೆ. ಎಂಎಸ್ಸಿ ಪ್ರಾಜೆಕ್ಟ್ ಟೈಮಲ್ಲಿ ನಾನು ಹೂಳು ತೆಗೆಯೋಕೆ ಮನೆಯಿಂದ ಒಂದು ಬಾಂಡ್ಲಿ, ತಗಡಿನ ಡಬ್ಬ ತಗೊಂಡು ಹೋಗಿದ್ದೆ. ಹದಿನೆಂಟು ಸ್ಯಾಂಪಲ್ಲು. ಮೂರು ವಾರ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಮೆಷಿನ್ನಿಗೆ ಕೊಟ್ರೆ ಸತು ಎಲ್ಲದ್ರಲ್ಲೂ ಆಕಾಶಕ್ಕೆ. ನಾನು ದೊಡ್ಡ ಆವಿಷ್ಕಾರ ಮಾಡ್ಬಿಟ್ಟೆ ಅಂತ ಗೈಡ್ ಹತ್ರ ಓಡಿದೆ. ಅವರು ಒಂದೇ ಪ್ರಶ್ನೆ ಕೇಳಿದ್ರು, ಮಣ್ಣು ಯಾವುದರಲ್ಲಿ ತೆಗೆದೆ ಅಂತ. ತಗಡಿಗೆ ಬಳಿದಿರೋದೇ ಸತು. ಹದಿನೆಂಟೂ ಹೋಯ್ತು. ಮತ್ತೆ ಮೊದಲಿಂದ. ಅವತ್ತಿಂದ ಲೋಹದ ಏನನ್ನೂ ಹತ್ರ ಸೇರಿಸಲ್ಲ, ಬಳೆ ಸಮೇತ ಬಿಚ್ಚಿಟ್ಟು ಹೋಗ್ತೀನಿ.

ಲ್ಯಾಬಿನ ಕೆಲ್ಸ ಬೇಗ ಹೇಳಿ ಮುಗಿಸ್ತೀನಿ. ನೆರಳಲ್ಲಿ ಒಣಗಿಸ್ಬೇಕು, ಬಿಸಿಗೆ ಪಾದರಸ ಹಾರಿಹೋಗತ್ತೆ ಅದಕ್ಕೆ. ಆಮೇಲೆ ನೈಲಾನ್ ಜರಡಿ, 63 ಮೈಕ್ರಾನ್ ತೂತು, ರಾಗಿ ಹಿಟ್ಟಿಗಿಂತ ನುಣುಪು. ಅದ್ರಲ್ಲಿ ಅರ್ಧ ಗ್ರಾಂ ತೂಗಿ ನೈಟ್ರಿಕ್ ಆಸಿಡ್ ಒಂದು ಪಾಲು ಹೈಡ್ರೋಕ್ಲೋರಿಕ್ ಮೂರು ಪಾಲು ಹಾಕಿ ಕಾಯಿಸಿದ್ರೆ ಕೆಂಪು ಕಂದು ಹೊಗೆ ಎದ್ದು ಹೊಗೆ ಎಳೆಯೋ ಹುಡ್ ಒಳಗೆ ಸುತ್ತುತ್ತೆ, ಲೋಹ ಬಹುಪಾಲು ಆಸಿಡ್ಡಿಗೆ ಇಳಿಯತ್ತೆ. ಸೋಸಿ ಮೆಷಿನ್ನಿಗೆ. ನಂಬರ್ ಬರತ್ತೆ, ಕೆಜಿ ಮಣ್ಣಿಗೆ ಇಷ್ಟು ಮಿಲಿಗ್ರಾಂ ಅಂತ.

ನಂಬರ್ ಬಂದ ಮೇಲೆ ಶುರುವಾಗೋದು ನಿಜವಾದ ತಲೆನೋವು. ಇಷ್ಟಿದ್ರೆ ಅಪಾಯಾನಾ ಅಲ್ವಾ? ಇದಕ್ಕೆ ಸ್ವೀಡನ್ನಿನ ಹೋಕನ್ಸನ್ ಅನ್ನೋರು 1980ರಲ್ಲಿ ಒಂದು ಲೆಕ್ಕ ಕೊಟ್ರು, ಇವತ್ತಿಗೂ ಪ್ರಪಂಚದಲ್ಲಿ ಹೂಳಿನ ಬಗ್ಗೆ ಪೇಪರ್ ಬರೆಯೋರು ಎಷ್ಟೋ ಜನ ಅದನ್ನೇ ಹಾಕ್ತಾರೆ. ಲೆಕ್ಕ ಸುಲಭ. ಆ ಜಾಗದಲ್ಲಿ ಮೊದಲಿಂದ ಸಹಜವಾಗಿ ಎಷ್ಟಿತ್ತೋ ಅದಕ್ಕೆ ಈಗ ಎಷ್ಟು ಪಟ್ಟಾಗಿದೆ ನೋಡು, ಅದನ್ನ ಆ ಲೋಹದ ವಿಷದ ತೂಕದಿಂದ ಗುಣಿಸು. ತೂಕ ಹೇಗಂದ್ರೆ ಸತುಗೆ 1, ಕ್ರೋಮಿಯಂಗೆ 2, ತಾಮ್ರಕ್ಕೆ ಸೀಸಕ್ಕೆ 5, ಆರ್ಸೆನಿಕ್‌ಗೆ 10, ಕ್ಯಾಡ್ಮಿಯಂಗೆ 30, ಪಾದರಸಕ್ಕೆ 40. ಲೆಕ್ಕಕ್ಕೆ ಅಂತ ಒಂದು ಉದಾಹರಣೆ ತಗೊಳ್ಳಿ, ಸಾಧಾರಣ ಜೇಡಿ ಶಿಲೇಲಿ ಇರೋದನ್ನೇ ಸಹಜ ಅಂತ ಇಟ್ಕೊಂಡ್ರೆ ಸತು ಕೆಜಿಗೆ 95 ಮಿಲಿಗ್ರಾಂ, ಕ್ಯಾಡ್ಮಿಯಂ 0.3. ಒಂದು ಕೆರೇಲಿ ಸತು 950 ಆಗಿದೆ, ಕ್ಯಾಡ್ಮಿಯಂ 3 ಆಗಿದೆ. ಎರಡೂ ಹತ್ತು ಪಟ್ಟು. ಸತುವಿಂದ ಬಂದ ಅಂಕ 10, 40ರ ಒಳಗಿದ್ರೆ ಪರವಾಗಿಲ್ಲ ಅಂತ ಲೆಕ್ಕ. ಕ್ಯಾಡ್ಮಿಯಂದು 300, ಅದು 160 ದಾಟಿದ ಮೇಲೆ ಜೋರು ಅಪಾಯದ ಸಾಲು. ನೋಡೋಕೆ 950 ದೊಡ್ಡ ನಂಬರು, 3 ಅನ್ನೋದು ಜುಜುಬಿ, ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಹೋಗೋದು 950ರ ಮೇಲೇ.

ಆಮೇಲೆ ಎಲ್ಲ ಲೋಹದ ಅಂಕ ಕೂಡಿಸಿ ಒಟ್ಟು 150ರ ಒಳಗಿದ್ರೆ ಕಮ್ಮಿ ಅಪಾಯ, 600 ದಾಟಿದ್ರೆ ಭಾರೀ ಅಂತಾರೆ. ಇಲ್ಲೊಂದು ನನ್ನ ಖಾಸಗಿ ಸಿಟ್ಟಿದೆ. ಹೋಕನ್ಸನ್ ಈ 150, 600 ಇಟ್ಟಿದ್ದು ಎಂಟು ವಸ್ತುಗಳ (ಮೇಲೆ ಹೇಳಿದ ಏಳು, ಜೊತೆಗೆ ಪಿಸಿಬಿ ಅನ್ನೋ ರಾಸಾಯನಿಕ) ಮೊತ್ತಕ್ಕೆ, ಅದೂ ಸ್ವೀಡನ್ನಿನ ಸರೋವರಗಳನ್ನ ನೋಡಿ. ನಮ್ಮಲ್ಲಿ ನಾಕೇ ಲೋಹ ಅಳೆದು, ಪಾದರಸ ಮುಟ್ಟದೆ, ಕೂಡಿಸಿ, ಅದೇ 150ಕ್ಕೆ ಹೋಲಿಸಿ "ಅಪಾಯ ಕಡಿಮೆ" ಅಂತ ಬರೆದು ಮುಗಿಸೋರು ಬೇಕಾದಷ್ಟು ಜನ. ಎಂಟು ಸಬ್ಜೆಕ್ಟಿನ ಪಾಸ್ ಮಾರ್ಕ್ಸಿಗೆ ನಾಕು ಸಬ್ಜೆಕ್ಟಿನ ಮಾರ್ಕ್ಸ್ ಹೋಲಿಸಿದ್ರೆ ಏನಾಗತ್ತೆ? ಇಲ್ಲಿ ಫೇಲ್ ಆದ್ರೆ ಒಳ್ಳೇದು ಅನ್ನೋ ಆಟ ಬೇರೆ, ಹಂಗಾಗಿ ಎಲ್ಲ ಕೆರೆನೂ ಸಲೀಸಾಗಿ ಒಳ್ಳೇದಾಗ್ಬಿಡತ್ತೆ.

ಇನ್ನು "ಮೊದಲಿಂದ ಎಷ್ಟಿತ್ತು" ಅನ್ನೋದು. ಜಗತ್ತಿನ ಸರಾಸರಿ ಇಟ್ಕೊಂಡ್ರೆ ಸುಲಭ, ಆದ್ರೆ ಹಾಸನ ಜಿಲ್ಲೆ ನುಗ್ಗೇಹಳ್ಳಿ ಕಡೆ ಹೋಗಿ, ಬೈರಾಪುರದ ಹತ್ರ ನೆಲದಲ್ಲೇ ಕ್ರೋಮೈಟ್ ಇದೆ, ಗಣಿನೇ ಇದೆ, ಒಂದು ಫ್ಯಾಕ್ಟರಿ ಇಲ್ದೇ ಅಲ್ಲಿ ಕೆರೆ ಮಣ್ಣಲ್ಲಿ ಕ್ರೋಮಿಯಂ ಸಿಗೋದು ಸಹಜ. ಅದಕ್ಕೇ ನಾನು ಮಾವನ ಊರಲ್ಲಿ ಆ ಎತ್ತರದ ಹೊಲದ ಮಣ್ಣು ತಂದಿದ್ದು, ಆ ನೆಲಕ್ಕೆ ಆ ನೆಲಾನೇ ಅಳತೆಗೋಲು. ಇಷ್ಟಾದ್ಮೇಲೂ ಒಟ್ಟು ಎಷ್ಟಿದೆ ಅನ್ನೋದು ಅರ್ಧ ಕಥೆ. ಟೆಸ್ಸಿಯರ್ ಅಂತ ಇನ್ನೊಬ್ರು 1979ರಲ್ಲಿ ಹೇಳ್ಕೊಟ್ಟ ಹಾಗೆ ಮಣ್ಣನ್ನ ಒಂದಾದ ಮೇಲೊಂದು ಐದು ದ್ರಾವಣದಲ್ಲಿ ತೊಳೆದು ನೋಡಿದ್ರೆ, ಒಂದಷ್ಟು ಲೋಹ ಮಣ್ಣಿಗೆ ಸುಮ್ನೆ ಒರಗಿಕೊಂಡಿರತ್ತೆ, ಮಳೆ ನೀರಿಗೇ ಬಿಟ್ಕೊಡತ್ತೆ, ಒಂದಷ್ಟು ಸುಣ್ಣದ ಜೊತೆ, ಒಂದಷ್ಟು ತುಕ್ಕಿನ ಜೊತೆ, ಒಂದಷ್ಟು ಕೊಳೆತ ಪದಾರ್ಥ, ಗಂಧಕದ ಜೊತೆ, ಕೊನೇದು ಕಲ್ಲಿನ ಹರಳಿನ ಒಳಗೇ ಭದ್ರವಾಗಿ. ಕೊನೇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ. ಮೊದಲನೇದು ಈ ಮುಂಗಾರಲ್ಲೇ ಹೊರಡತ್ತೆ.

ಈಗ ಆ ಕಪ್ಪು ಬಣ್ಣ, ಕೊಳೆತ ಮೊಟ್ಟೆ ವಾಸನೆಗೆ ಬರೋಣ. ಕೊಳಚೆ ನೀರಿನ ಕೆರೆ ತಳದಲ್ಲಿ ಆಮ್ಲಜನಕ ಇರಲ್ಲ. ಅಲ್ಲಿರೋ ಬ್ಯಾಕ್ಟೀರಿಯಾ ಸಲ್ಫೇಟನ್ನ ಸಲ್ಫೈಡ್ ಮಾಡ್ತಾವೆ, ವಾಸನೆ ಅದರದ್ದೇ, ಕಪ್ಪು ಬರೋದು ಕಬ್ಬಿಣದ ಸಲ್ಫೈಡಿಂದ. ಕ್ಯಾಡ್ಮಿಯಂ, ಸೀಸ, ತಾಮ್ರ, ಸತು ಇವೆಲ್ಲ ಆ ಸಲ್ಫೈಡಿಗೆ ಕಟ್ಟಿ ಹಾಕಿದ ಹಾಗೆ ಅಂಟ್ಕೊಂಡು ಕೂತಿರ್ತಾವೆ, ನೀರಿಗೂ ಬರಲ್ಲ ಗಿಡಕ್ಕೂ ಸಿಗಲ್ಲ. ಹೊಲಸು ಕೆರೆ ತನ್ನ ಹೊಲಸಿಂದ್ಲೇ ವಿಷನ ಹಿಡಿದಿಟ್ಟಿರತ್ತೆ ಅನ್ನೋದು ನಂಬೋಕೆ ಕಷ್ಟ ಆದ್ರೂ ನಿಜ. ಕ್ರೋಮಿಯಂ ವಿಷಯಾನೂ ಹಾಗೇ, ಆರನೇ ಅವಸ್ಥೆಯ ಕೆಟ್ಟ ಕ್ರೋಮಿಯಂ ಅಲ್ಲಿ ಮೂರನೇ ಅವಸ್ಥೆಗೆ ಇಳಿದು ತೆಪ್ಪಗಿರತ್ತೆ.

ಆ ಹೂಳನ್ನ ಜೇಸೀಬಿಲಿ ಎತ್ತಿ ಟ್ರ್ಯಾಕ್ಟರಿಗೆ ತುಂಬಿ ಮೇ ಬಿಸಿಲಲ್ಲಿ ಹೊಲದ ಮೇಲೆ ಹರಡಿದ್ರೆ? ಗಾಳಿ ತಾಗತ್ತೆ. ಕಪ್ಪು ಹೋಗಿ ಕಂದು ಆಗತ್ತೆ, ವಾಸನೆ ಹೋಗತ್ತೆ, ರೈತರು ನೋಡಿ "ಗೋಡು ಹಣ್ಣಾಯ್ತು" ಅಂತ ಸಮಾಧಾನ ಪಟ್ಕೊಳ್ತಾರೆ. ಆದ್ರೆ ಆ ಕಂದು ಬರ್ತಿರೋದೇ ಸಲ್ಫೈಡ್ ಮುರಿದು ಬೀಳ್ತಿರೋದ್ರಿಂದ, ಕಟ್ಟಿದ ಹಗ್ಗ ಬಿಚ್ಚಿದಂಗೆ ಕ್ಯಾಡ್ಮಿಯಂ ಅಲ್ಲಿಂದ ಬಿಡುಗಡೆ. ಮೇಲಾಗಿ ಸಲ್ಫೈಡ್ ಮುರಿದಾಗ ಆಮ್ಲ ಹುಟ್ಟತ್ತೆ, ನಮ್ಮ ಕೆಂಪು ಮಣ್ಣು ಎಷ್ಟೋ ಕಡೆ ಮೊದ್ಲೇ ಸ್ವಲ್ಪ ಹುಳಿ, ಹುಳಿ ಜಾಸ್ತಿ ಆದಷ್ಟೂ ಕ್ಯಾಡ್ಮಿಯಂ ಬೇರಿಗೆ ಸಲೀಸು. ಹಾಗಾಗಿ "ಕೆರೆ ನೀರು ಟೆಸ್ಟ್ ಮಾಡ್ಸಿದೀವಿ, ಲೋಹ ಇಲ್ಲ" ಅಂತ ಯಾರಾದ್ರೂ ಚೀಟಿ ತೋರಿಸಿದ್ರೆ ಅದು ಗೋಡಿನ ಬಗ್ಗೆ ಏನೂ ಹೇಳಲ್ಲ. ನೀರಲ್ಲಿ ಇಲ್ಲ ಯಾಕಂದ್ರೆ ಎಲ್ಲ ಕೆಳಗಿದೆ.

ಕೆರೆ ಒಳಗಿರೋ ಜೀವಗಳ ಪಾಡು ಬೇರೆ. ತಳದ ಕೆಸರಲ್ಲಿ ಕೆಂಪಗೆ ದಾರದ ಥರ ಹುಳ ಇರ್ತಾವೆ, ಅಕ್ವೇರಿಯಂ ಇಟ್ಟಿರೋರಿಗೆ ಗೊತ್ತು, ಟ್ಯೂಬಿಫೆಕ್ಸ್. ಇನ್ನೊಂದು ಕೈರೊನೊಮಿಡ್ ಅನ್ನೋ ಕಚ್ಚದ ಸೊಳ್ಳೆಯಂಥ ನೊಣದ ಮರಿ, ಅದೂ ಕೆಂಪೇ, ನಮ್ಮ ರಕ್ತದ ಹಾಗೆ ಅದರಲ್ಲೂ ಹಿಮೋಗ್ಲೋಬಿನ್ ಇರೋದ್ರಿಂದ. ಗಾಳಿ ಇಲ್ಲದ ಕೆಸರಲ್ಲಿ ಬೇರೆಲ್ಲ ಸತ್ರೂ ಇವೆರಡು ಬದುಕ್ತಾವೆ. ಇಪ್ಪತ್ತು ಥರ ಹುಳು ಇರಬೇಕಾದ ಕಡೆ ಎರಡೇ ಥರ ಲಕ್ಷಗಟ್ಟಲೆ ಇದ್ರೆ ಕೆರೆಗೆ ಹುಷಾರಿಲ್ಲ ಅಂತ ಮೆಷಿನ್ ಇಲ್ದೇ ಹೇಳ್ಬಹುದು. ಲೋಹ ಜಾಸ್ತಿ ಇರೋ ಹೂಳಲ್ಲಿ ಬೆಳೆದ ಕೈರೊನೊಮಿಡ್ ಮರಿಗಳ ಬಾಯಿ ಹಲ್ಲು ಸೊಟ್ಟ ಬರತ್ತೆ, ಒಂದು ಹಲ್ಲು ಇಲ್ಲ, ಎರಡು ಹಲ್ಲು ಕೂಡ್ಕೊಂಡಿದೆ ಹೀಗೆ. ನಾನು ಮೊದಲ ಸಲ ಮೈಕ್ರೋಸ್ಕೋಪಲ್ಲಿ ನೋಡಿದಾಗ ಸ್ಲೈಡ್ ನಾನೇ ಕೆಡಿಸಿದೆ ಅನ್ಕೊಂಡು ಮೂರು ಸಲ ಹೊಸದಾಗಿ ಮಾಡಿದ್ದೆ. ಆ ಹುಳಾನ ಜಿಲೇಬಿ ಮೀನು ತಿನ್ನತ್ತೆ, ಮೀನನ್ನ ಬೆಳ್ಳಕ್ಕಿ ತಿನ್ನತ್ತೆ, ನಾವೂ ತಿಂತೀವಿ. ಎಲ್ಲ ಲೋಹನೂ ಮೆಟ್ಟಿಲು ಹತ್ತಿದಂಗೆ ಹೆಚ್ಚಾಗಲ್ಲ, ಅದು ಪಾದರಸದ ಚಾಳಿ, ತಳದ ಬ್ಯಾಕ್ಟೀರಿಯಾ ಅದನ್ನ ಮೀಥೈಲ್ ಪಾದರಸ ಮಾಡಿದ ಮೇಲೆ. ಕ್ಯಾಡ್ಮಿಯಂದು ಬೇರೆ ದಾರಿ, ಅದು ಸೊಪ್ಪಿನ ಮೂಲಕ ಬರತ್ತೆ, ದಂಟು, ಪಾಲಕ್ ಇಂಥವಕ್ಕೆ ಅದನ್ನ ಎಲೆಗೆ ಏರಿಸ್ಕೊಳ್ಳೋದು ಅಭ್ಯಾಸ, ಗಿಡ ಮಾತ್ರ ಹಚ್ಚಗೆ ನಳನಳಿಸ್ತಾ ಇರತ್ತೆ. ಬಂದಿದ್ದು ಮೂತ್ರಪಿಂಡದಲ್ಲಿ ಕೂತ್ರೆ ಅರ್ಧ ಖಾಲಿಯಾಗೋಕೆ ಹತ್ತರಿಂದ ಮೂವತ್ತು ವರ್ಷ.

ಜಪಾನಿನ ತೊಯಾಮಾದಲ್ಲಿ ಇದೇ ಆಗಿದ್ದು. ಜಿಂಝೂ ಅನ್ನೋ ನದಿ, ಮೇಲ್ಗಡೆ ಕಾಮಿಯೋಕ ಗಣಿ, ಗಣಿ ತೊಳೆದ ನೀರಿನ ಜೊತೆ ಕ್ಯಾಡ್ಮಿಯಂ ಇಳಿದು ನಾಲೆ ಮೂಲಕ ಭತ್ತದ ಗದ್ದೇಲಿ ಕೂತ್ಕೊಳ್ತು. ಗದ್ದೇಲಿ ನೀರು ನಿಂತಿರೋವಾಗ ಸುಮ್ನಿರತ್ತೆ, ತೆನೆ ಬಲಿಯೋವಾಗ ನೀರು ಬಿಟ್ಟು ಒಣಗಿಸ್ತಾರಲ್ಲ ಆಗ ಅಕ್ಕಿಗೆ ಏರತ್ತೆ. ತಿಂದ ಹೆಂಗಸರಿಗೆ, ಅದರಲ್ಲೂ ಹೆತ್ತು ವಯಸ್ಸಾದೋರಿಗೆ, ಮೂಳೆ ಎಷ್ಟು ಮೆದುವಾಯ್ತು ಅಂದ್ರೆ ಕೆಮ್ಮಿದ್ರೆ ಪಕ್ಕೆಲುಬು ಮುರಿಯೋದು. ಇತಾಯ್ ಇತಾಯ್ ರೋಗ ಅಂತಾರೆ, ಅಂದ್ರೆ "ನೋವು ನೋವು". ಸರ್ಕಾರ ಒಪ್ಕೊಂಡಿದ್ದು 1968ರಲ್ಲಿ, ಗದ್ದೆಗಳ ಮಣ್ಣು ಸರಿ ಮಾಡೋ ಕೆಲಸ ಮುಗಿದಿದ್ದು 2012ರಲ್ಲಿ. ಬೈರಮಂಗಲ ಜಿಂಝೂ ಆಗಿದೆ ಅಂತ ನಾನು ಹೇಳ್ತಿಲ್ಲ, ಹಾಗೆ ಹೆದರಿಸೋದು ನನಗೆ ಇಷ್ಟಾನೂ ಇಲ್ಲ. ಅಲ್ಲಿ ಭತ್ತ ತಿಂದ್ರು, ಇಲ್ಲಿ ಬೇಬಿಕಾರ್ನು, ಹಿಪ್ಪುನೇರಳೆ, ಹಸು ಮೇವು ಬೆಳೆದು ಹಾಲು ಡೇರಿಗೆ ಹಾಕ್ತಾರೆ, ದಾರಿ ಬೇರೆ ಬೇರೆ. ನೀರು, ಹೂಳು, ಹೊಲ ಅನ್ನೋ ಮೂರು ಮೆಟ್ಟಿಲು ಮಾತ್ರ ಒಂದೇ.

ನನ್ನ ತಲೆ ಕೆಡಿಸಿದ ಇನ್ನೊಂದು ವಿಷಯ. ನೀವು ಅಂಗಡೀಲಿ ಊರ ಕಸದಿಂದ ಮಾಡಿದ ಕಾಂಪೋಸ್ಟ್ ಮೂಟೆ ತಗೊಳ್ತೀರಲ್ಲ, ಅದಕ್ಕೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇದೆ, ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ಸೀಸ 100, ನಿಕ್ಕೆಲ್ 50, ತಾಮ್ರ 300, ಸತು 1000, ಪಾದರಸ 0.15. ದಾಟಿದ್ರೆ ಮಾರೋ ಹಾಗಿಲ್ಲ. ಕುಡಿಯೋ ನೀರಿಗೆ ಐಎಸ್ 10500 ಅನ್ನೋ ಮಾನದಂಡ ಇದೆ, ಸೀಸ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003. ಒಂದು ಮೂಟೆ ಕಾಂಪೋಸ್ಟು ಐವತ್ತು ಕೆಜಿ, ಎಕರೆಗೆ ಎಷ್ಟು ಹಾಕ್ತೀವಿ. ಗೋಡು ಹೊಡೆಯೋದು ಎಕರೆಗೆ ಇಪ್ಪತ್ತು ಮೂವತ್ತು ಟ್ರ್ಯಾಕ್ಟರ್ ಲೋಡು. ಅದನ್ನ ತುಂಬಿಸ್ಕೊಳ್ಳೋವಾಗ ಯಾರೂ ಒಂದು ಚೀಟಿ ಕೇಳಲ್ಲ, ಹೂಳೆತ್ತೋ ಟೆಂಡರಲ್ಲಿ ಎಷ್ಟು ಕ್ಯೂಬಿಕ್ ಮೀಟರ್ ಅಂತ ಅಳೀತಾರೆ, ಅದರೊಳಗೇನಿದೆ ಅಂತ ಅಳೆಯಲ್ಲ. ಒಂದು ಕೆರೆಗೆ ಐದಾರು ಸ್ಯಾಂಪಲ್ ಸಾಕು. ಜೇಸೀಬಿ ಒಂದೆರಡು ದಿನ ಓಡೋ ಬಾಡಿಗೇಲಿ ಆಗೋ ಕೆಲಸ.

ರಿಸಲ್ಟ್ ಬಂತು. ಒಂದು ಸಣ್ಣ ಕೆರೆ, ಐದು ಜಾಗ, ಇದನ್ನ ಇಟ್ಕೊಂಡು ಊರ ಹೆಸರು ಹಾಕಿ ಯಾರದೋ ತರಕಾರಿ ವ್ಯಾಪಾರ ಹಾಳು ಮಾಡಲ್ಲ ನಾನು. ಇಷ್ಟು ಹೇಳ್ತೀನಿ, ಕ್ರೋಮಿಯಂ ಕಾಂಪೋಸ್ಟಿನ ಮಿತಿ ದಾಟಿತ್ತು, ಆದ್ರೆ ಎತ್ತರದ ಹೊಲದಲ್ಲೂ ಸ್ವಲ್ಪ ಜಾಸ್ತೀನೇ ಇತ್ತು, ಹಾಗಾಗಿ ಅದರಲ್ಲಿ ಒಂದು ಪಾಲು ನೆಲದ್ದೇ. ಕ್ಯಾಡ್ಮಿಯಂ ಮಿತಿ ಒಳಗಿತ್ತು, ಆದ್ರೆ ಎತ್ತರದ ಹೊಲಕ್ಕಿಂತ ಹಲವು ಪಟ್ಟು, ಹೋಕನ್ಸನ್ ಲೆಕ್ಕಕ್ಕೆ ಹಾಕಿದ್ರೆ ಒಟ್ಟು ಅಂಕದಲ್ಲಿ ಮುಕ್ಕಾಲು ಭಾಗ ಅದರದ್ದೊಂದರದ್ದೇ. ಮತ್ತೆ ಒಂದಡಿ ಕೆಳಗಿನ ಮಣ್ಣು ಮೇಲಿನದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಅದು ಊರಿನ ಹಳೇ ಗೋಡು, ನಮ್ಮಜ್ಜ ಹೊಡೀತಿದ್ದಿದ್ದು ಅದನ್ನ.

ಫೋನ್ ಮಾಡಿ ಹೇಳ್ದೆ. ಮೇಲ್ಗಡೆ ಕಪ್ಪು ಮಣ್ಣು ಬೇಡ ಮಾವ, ಅದ್ರಲ್ಲೂ ಸೊಪ್ಪು ತರಕಾರಿ ಹಾಕೋ ಕಡೆ ಬೇಡವೇ ಬೇಡ, ಹೊಡಿಸ್ಲೇಬೇಕು ಅಂದ್ರೆ ಕೆಳಗಿನ ಪದರದ್ದು ಬೇರೆ ಮಾಡಿ ಕೊಡ್ತಾರಾ ಕೇಳಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಕೆಳಗಡೆದು ಬೇರೆ ಮಾಡಿ ಕೊಡಾಕೆ ಅದೇನು ಹಾಲಿನ್ ಕೆನೇನವ್ವಾ, ಜೇಸೀಬಿ ಒಂದ್ಸಲ ಬಕೆಟ್ ಹಾಕುದ್ರೆ ಎಲ್ಲಾ ಒಂದೇ" ಅಂದ್ರು. ಸರಿಯಾದ ಮಾತೇ, ನನಗೆ ಹೊಳೆದಿರ್ಲಿಲ್ಲ. ಇನ್ನೂ ಸ್ವಲ್ಪ ತಡೆದು, "ನೀನು ಎರಡು ವಾರ ಅಂದಲ್ಲಾ... ಎರಡ್ ಲೋಡು ಆಗ್ಲೇ ಮನೆ ಹಿಂದ್ಕೆ ಹೊಡಿಸ್ಬುಟ್ಟಿದ್ದೀನಿ, ಎಲ್ರೂ ತುಂಬುಸ್ಕೊಂಡೋಯ್ತಾ ಇದ್ರು ಕಣವ್ವ" ಅಂದ್ರು.

ಹರಡಬೇಡಿ, ಮಳೆ ಬೀಳೋ ಮುಂಚೆ ಟಾರ್ಪಾಲ್ ಹೊದಿಸಿಡಿ, ಕೋಳಿ ಕೆದಕೋಕೆ ಬಿಡಬೇಡಿ, ಏನ್ ಮಾಡೋದು ಅಂತ ನೋಡೋಣ ಅಂದೆ. ಹೋದ ವಾರ ಹಬ್ಬಕ್ಕೆ ಹೋಗಿದ್ದೆ. ಗುಡ್ಡೆ ಹಿತ್ತಲಲ್ಲೇ ಇದೆ, ಪೂರ್ತಿ ಕಂದು ಬಣ್ಣಕ್ಕೆ ತಿರುಗಿದೆ, ವಾಸನೆ ಚೂರೂ ಇಲ್ಲ. ಟಾರ್ಪಾಲನ್ನ ಅತ್ತೆ ಹುರುಳಿ ಒಣಗಾಕೋಕೆ ಅಂಗಳಕ್ಕೆ ತಗೊಂಡೋಗಿದ್ರು. ಗುಡ್ಡೆ ತುದೀಲಿ ಯಾವುದೋ ಹಕ್ಕಿ ಹಾಕಿದ ಬೀಜದಿಂದ ಒಂದು ದಂಟಿನ ಗಿಡ ಮೊಳಕಾಲೆತ್ತರ ಎದ್ದು ನಿಂತಿತ್ತು, ಅಷ್ಟು ಹಚ್ಚಗಿರೋ ದಂಟು ನಾನು ಈಚೆಗೆ ನೋಡಿರ್ಲಿಲ್ಲ. ಕಿತ್ತು ಕವರಿಗೆ ಹಾಕ್ಕೊಂಡೆ. ಅತ್ತೆ ಒಳಗಿಂದ ನೋಡಿ, ಸಾರಿಗಾ ಅಂತ ಕೇಳಿದ್ರು. ಲ್ಯಾಬಿಗೆ ಅಂದೆ.